ರಾತ್ರಿ ಹೊತ್ತು ಮನಸ್ಸು ಕೈಕೊಟ್ಟರೆ: ಕ್ಯಾಶುವಲ್ಟಿ ಬಗ್ಗೆ ಮುಂಬೈ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬೈಯಲ್ಲಿ ಕ್ಯಾಶುವಲ್ಟಿ, ಅಂದರೆ ಆಸ್ಪತ್ರೆಯ ತುರ್ತು ವಿಭಾಗದ ನರ್ಸ್. ಊರು ಕುಂದಾಪುರದ ಕಡೆ. "ಸಿಸ್ಟರ್, ಕನ್ನಡ ಪೇಷಂಟ್ ಬಂದಿದ್ದಾರೆ, ಸ್ವಲ್ಪ ಬನ್ನಿ" ಎಂದು ಯಾರಾದರೂ ಕರೆಯದ ವಾರವೇ ಇಲ್ಲ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಟ್ರಾಲಿ ಪಕ್ಕ ನಿಂತ ಮನೆಯವರು ಕೇಳಿದ್ದು. ಕೆಲವನ್ನು ಅವರು ಕೇಳಲು ನಾಚಿಕೊಂಡು ಹೊರಗೆ ಚಹಾ ಅಂಗಡಿ ಹತ್ತಿರ ಕೇಳಿದ್ದಾರೆ. ನಾನು ಡಾಕ್ಟರಲ್ಲ. ಔಷಧಿ ಬರೆಯುವುದು ಅವರ ಕೆಲಸ. ಆದರೆ ಮೊದಲ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೆ, ಮನೆಯವರು ಎಲ್ಲಿ ಎಡವುತ್ತಾರೆ ಎನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಯಾವುದಕ್ಕೆ ತಕ್ಷಣ ಓಡಬೇಕು? ಯಾವುದಕ್ಕೆ ಬೆಳಗಿನ ಓಪಿಡಿ ಸಾಕು?

ಸಾಯುವ ಮಾತು ಆಡುತ್ತಿದ್ದರೆ, ಏನಾದರೂ ಮಾಡಿಕೊಂಡಿದ್ದರೆ, ಬೇರೆಯವರ ಮೇಲೆ ಕೈ ಮಾಡುವ ಹಾಗಿದ್ದರೆ ತಕ್ಷಣ ಬನ್ನಿ. ನಿನ್ನೆವರೆಗೆ ಸರಿ ಇದ್ದವರು ಇವತ್ತು ಮನೆಯವರನ್ನೇ ಗುರುತಿಸುತ್ತಿಲ್ಲ ಎಂದರೆ ಇನ್ನೂ ಬೇಗ ಬನ್ನಿ. ಊಟ, ನೀರು, ಮಾತು ಎಲ್ಲ ಬಿಟ್ಟು ಕಲ್ಲಿನ ಹಾಗೆ ಕೂತುಬಿಟ್ಟರೆ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿ ವಿಚಿತ್ರವಾಗಿ ಆಡಿದರೆ, ಮನಸ್ಸಿನ ಮಾತ್ರೆ ತೆಗೆದುಕೊಳ್ಳುವವರಿಗೆ ಜ್ವರ ಬಂದು ಮೈ ಮರದ ಹಾಗೆ ಬಿಗಿದರೆ, ಇವೂ ತುರ್ತೇ.

ಎರಡು ತಿಂಗಳಿಂದ ನಿದ್ದೆ ಸರಿ ಇಲ್ಲ, ಬೇಜಾರು, ಆದರೆ ಸಾಯುವ ಯೋಚನೆ ಇಲ್ಲ ಅಂದರೆ ಓಪಿಡಿ ಒಳ್ಳೆಯದು. ಅಲ್ಲಿ ಡಾಕ್ಟರಿಗೆ ಕೂತು ಮಾತಾಡಲು ಸಮಯ ಸಿಗುತ್ತದೆ.

ತಲೆ ಸರಿ ಇಲ್ಲ ಅಂತ ಕರೆದುಕೊಂಡು ಬಂದರೆ ಬೆರಳಿಗೆ ಸೂಜಿ ಯಾಕೆ ಚುಚ್ಚುತ್ತೀರಿ?

ಇದನ್ನು ಸಿಟ್ಟಿನಲ್ಲೇ ಕೇಳುತ್ತಾರೆ. ಉತ್ತರಕ್ಕೆ ಒಂದು ಘಟನೆ ಹೇಳುತ್ತೇನೆ.

ಮಾಟುಂಗದ ಕಡೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು, ಅರವತ್ತು ದಾಟಿದವರು. ರಾತ್ರಿ ನೋಟು ಎಣಿಸುತ್ತಾ ಎಣಿಸುತ್ತಾ ಇದ್ದಕ್ಕಿದ್ದಂತೆ ಹುಡುಗರಿಗೆ ಬಯ್ಯತೊಡಗಿದರಂತೆ. ಜೀವಮಾನದಲ್ಲಿ ಬಾಯಲ್ಲಿ ಬರದ ಬೈಗುಳ. ಹಿಡಿಯಲು ಹೋದವನ ಕೈ ಕಚ್ಚಿದರು. ನಾಲ್ಕು ಜನ ಹಿಡಿದು ತಂದರು. "ಹುಚ್ಚು ಹಿಡಿದಿದೆ ಸಿಸ್ಟರ್, ಮಲಗುವ ಇಂಜೆಕ್ಷನ್ ಕೊಡಿ" ಅಂದರು. ಹಣೆ ಮುಟ್ಟಿದೆ, ಬೆವರು ಸುರಿಯುತ್ತಿತ್ತು. ಗ್ಲುಕೋಮೀಟರ್ 38 ತೋರಿಸಿತು. 70ಕ್ಕಿಂತ ಕೆಳಗೆ ಹೋದರೇ ಕಡಿಮೆ ಸಕ್ಕರೆ. ಶುಗರ್ ಮಾತ್ರೆ ನುಂಗಿದ್ದರು, ಊಟ ಮಾಡಿರಲಿಲ್ಲ. ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ನೀರು ರಕ್ತನಾಳಕ್ಕೆ ಹೋಗಿ ಐದು ನಿಮಿಷ ಆಗಿರಬೇಕು, ಕಣ್ಣು ತೆರೆದು ಕೇಳಿದ ಮೊದಲ ಮಾತು: "ಗಲ್ಲಾದಲ್ಲಿ ಯಾರಿದ್ದಾರೆ?"

ಮಲಗುವ ಇಂಜೆಕ್ಷನ್ ಕೊಟ್ಟಿದ್ದರೆ ಅವರು ಸುಮ್ನೆ ಮಲಗಿರುತ್ತಿದ್ದರು. ಎಲ್ಲರೂ ಸಮಾಧಾನ ಪಡುತ್ತಿದ್ದರು. ಮಿದುಳು ಒಳಗೊಳಗೇ ಹಾಳಾಗುತ್ತಿತ್ತು. ಅದಕ್ಕೇ ಯಾರೇ ಬರಲಿ, ಸಕ್ಕರೆ, ಆಕ್ಸಿಜನ್, ಬಿಪಿ, ನಾಡಿ, ಜ್ವರ, ಈ ಐದು ಮೊದಲು. ಆಮೇಲೆ ಮಿಕ್ಕಿದ್ದು.

ದೇಹದ ಕಾಯಿಲೆಯೋ ಮನಸ್ಸಿನದೋ, ಹೇಗೆ ಗೊತ್ತಾಗುತ್ತದೆ?

ಮೆಷಿನ್‌ಗಿಂತ ಜಾಸ್ತಿ ಕೆಲಸಕ್ಕೆ ಬರುವುದು ನಿಮ್ಮ ಒಂದು ಉತ್ತರ: ಯಾವಾಗಿನಿಂದ?

ನಿನ್ನೆ ಸಂಜೆಯಿಂದ, ಅದೂ ಒಂದು ಗಂಟೆ ಸರಿ, ಒಂದು ಗಂಟೆ ಗೊಂದಲ, ರಾತ್ರಿ ಜಾಸ್ತಿ ಅಂದರೆ ನಾವು ದೇಹದ ಕಡೆ ನೋಡುತ್ತೇವೆ. ಇದನ್ನು ಡೆಲಿರಿಯಂ ಎನ್ನುತ್ತಾರೆ. ನಲವತ್ತು ದಾಟಿದ ಮೇಲೆ ಮೊದಲ ಸಲ ಹೀಗಾಗಿದ್ದರೂ ಅನುಮಾನ ದೇಹದ ಮೇಲೆಯೇ. ಜ್ವರ ಇದ್ದರೆ, ಫಿಟ್ಸ್ ಬಂದಿದ್ದರೆ, ಇಲ್ಲದ ಹುಳ, ಪ್ರಾಣಿ ಕಣ್ಣಿಗೆ ಕಾಣುತ್ತಿದ್ದರೆ ಹಾಗೆಯೇ. ಮನೋರೋಗದಲ್ಲಿ ಕಿವಿಗೆ ಕೇಳುವುದು ಜಾಸ್ತಿ, ಕಣ್ಣಿಗೆ ಕಾಣುವುದು ಕಡಿಮೆ. ಇದು ಕಲ್ಲಲ್ಲಿ ಕೆತ್ತಿದ ನಿಯಮ ಅಲ್ಲ, ಆದರೆ ದಾರಿ ತೋರಿಸುತ್ತದೆ.

ಮುಂಬೈ ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಮಲೇರಿಯಾ, ಲೆಪ್ಟೊ (ಇಲಿಜ್ವರ), ಡೆಂಗಿ ಯಾವುದೂ ತಲೆಗೇರಿ ಮಾತು ತಪ್ಪಿಸಬಹುದು. ವಯಸ್ಸಾದವರಲ್ಲಿ ಬರೀ ಉರಿಮೂತ್ರದ ಸೋಂಕು ಸಾಕು. ಬಿಪಿ ಮಾತ್ರೆಯಿಂದ ಸೋಡಿಯಂ ಇಳಿದರೂ ಸಾಕು. ತಿಂಗಳ ಹಿಂದೆ ಲೋಕಲ್ ಟ್ರೈನಿನ ಬಾಗಿಲಿಗೆ ತಲೆ ಬಡಿದುಕೊಂಡು "ಏನೂ ಆಗಿಲ್ಲ" ಅಂದಿದ್ದ ಅಜ್ಜನಿಗೆ ಈಗ ಮಿದುಳಿನ ಮೇಲೆ ರಕ್ತ ಕಟ್ಟಿರಬಹುದು. ಅದನ್ನೂ ಹೇಳಿ.

ಕುಡಿತ ಬಿಟ್ಟು ಮೂರು ದಿನ ಆಯ್ತು. ಬಿಟ್ಟರೆ ಒಳ್ಳೆಯದಾಗಬೇಕು, ಇವರು ಹೀಗ್ಯಾಕೆ ಆಡುತ್ತಿದ್ದಾರೆ?

ಬಿಟ್ಟಿದ್ದಕ್ಕೇ ಹೀಗಾಗಿದ್ದು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹೋಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಗೊಂದಲ, ಜ್ವರ, ಭಯ, ಗೋಡೆಯ ಮೇಲೆ ಇರುವೆ ಸಾಲು. ಇದರಲ್ಲಿ ಜೀವ ಹೋಗಬಹುದು.

ಇದು ಮನೆಯಲ್ಲಷ್ಟೇ ಅಲ್ಲ, ಆಸ್ಪತ್ರೆಯಲ್ಲೂ ಆಗುತ್ತದೆ. ಕಾಲು ಮುರಿದು ಸೇರಿದ ಒಬ್ಬರು ಮೂರನೇ ರಾತ್ರಿ ಬೆಡ್‌ಶೀಟಿನಿಂದ ಏನನ್ನೋ ಹೆಕ್ಕಿ ಹೆಕ್ಕಿ ಕೆಳಗೆ ಹಾಕುತ್ತಿದ್ದರು. ಹತ್ತಿರ ಹೋದರೆ ಏನೂ ಇಲ್ಲ. ಸೇರಿಸುವಾಗ "ಕುಡಿಯುತ್ತಾರಾ?" ಎಂದು ಕೇಳಿದ್ದೆವು. ಹೆಂಡತಿ ಅತ್ತೆಯ ಮುಖ ನೋಡಿದರು. ಅತ್ತೆ "ಹಬ್ಬಕ್ಕೆ ಸ್ವಲ್ಪ" ಅಂದರು. ಆ ಸ್ವಲ್ಪ ದಿನಕ್ಕೆ ಮೂರು ಕ್ವಾರ್ಟರ್ ಎಂದು ಆಮೇಲೆ ಗೊತ್ತಾಯಿತು. ಒಂದು ಕ್ವಾರ್ಟರ್ ಅಂದರೆ 180 ಎಂ.ಎಲ್., ಲೆಕ್ಕ ಹಾಕಿ.

ನಿಜ ಹೇಳಿದರೆ ಮೊದಲ ದಿನವೇ ನಡುಕ, ಗಾಬರಿ ಇಳಿಸುವ ಲೊರಾಜೆಪಾಮ್ ಅಥವಾ ಡಯಾಜೆಪಾಮ್ ಶುರು ಮಾಡುತ್ತಾರೆ, ಥಯಾಮಿನ್ ಎಂಬ ಬಿ1 ವಿಟಮಿನ್ ರಕ್ತನಾಳಕ್ಕೇ ಕೊಡುತ್ತಾರೆ. ಥಯಾಮಿನ್ ಇಲ್ಲದಿದ್ದರೆ ನಡಿಗೆ, ಕಣ್ಣಿನ ಚಲನೆ, ನೆನಪು, ಮೂರೂ ಹೋಗಬಹುದು. ಮನೆಯಲ್ಲಿ "ಸ್ವಲ್ಪ ಕುಡಿಸಿದರೆ ಸರಿಹೋಗುತ್ತಾರೆ" ಎಂದು ಕೂರಬೇಡಿ.

ಸಾಯುತ್ತೇನೆ ಅನ್ನುತ್ತಿದ್ದಾನೆ. ಅದನ್ನೇ ಬಾಯಿಬಿಟ್ಟು ಕೇಳಿದರೆ ಇನ್ನಷ್ಟು ತಲೆಗೆ ಹಾಕಿಕೊಳ್ಳುವುದಿಲ್ಲವಾ?

ಇಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೆಚ್ಚಿನವರಿಗೆ ಯಾರೋ ಕೇಳಿದರಲ್ಲ ಎಂದು ಹಗುರ ಆಗುತ್ತದೆ. ಸುತ್ತಿ ಬಳಸಿ ಕೇಳಬೇಡಿ. "ಹಾಗೇನೂ ಯೋಚನೆ ಇಲ್ಲ ಅಲ್ವಾ?" ಎಂದರೆ "ಇಲ್ಲ" ಎಂಬ ಉತ್ತರವನ್ನು ನೀವೇ ಕೈಗೆ ಕೊಟ್ಟ ಹಾಗೆ. "ಬದುಕೋದೇ ಬೇಡ ಅನ್ನಿಸುತ್ತಾ? ಸಾಯಬೇಕು ಅಂತ ಯೋಚನೆ ಬಂದಿದೆಯಾ? ಹೇಗೆ ಅಂತಲೂ ಯೋಚಿಸಿದ್ದೀಯಾ?" ಹೀಗೆ ನೇರ ಕೇಳಿ. ಕೇಳಿ ಸುಮ್ಮನಿರಿ. ಉತ್ತರ ಬರಲು ಹೊತ್ತು ಬೇಕು.

ಹಿಂದೆ ಒಮ್ಮೆ ಪ್ರಯತ್ನ ಮಾಡಿದವರ ಬಗ್ಗೆ ನಾವು ಜಾಸ್ತಿ ಎಚ್ಚರ. "ಹೆದರಿಸಲು ಮಾಡಿದ್ದು" ಎಂದು ಮನೆಯವರು ಹೇಳುತ್ತಾರೆ, ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಏನಾದರೂ ನುಂಗಿದ್ದರೆ, ನೋಡಲು ಆರಾಮಾಗಿದ್ದರೂ ಕರೆದುಕೊಂಡು ಬನ್ನಿ. ಮೊದಲ ದಿನ ಏನೂ ತೋರಿಸದೆ ಆಮೇಲೆ ಲಿವರ್ ಹಿಡಿಯುವಂಥವು ಇವೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಖಾಲಿ ಸ್ಟ್ರಿಪ್, ಬಾಟಲಿ ಏನಿದ್ದರೂ ಚೀಲಕ್ಕೆ ಹಾಕಿ ತನ್ನಿ. ಒಬ್ಬರೇ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳಲು ಬಿಡಬೇಡಿ, ಆಸ್ಪತ್ರೆಯಲ್ಲೂ.

ಈಗಲೇ ಮಾತಾಡಬೇಕು ಅನ್ನಿಸಿದರೆ 14416. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಆದರೆ ಏನಾದರೂ ಮಾಡಿಕೊಂಡಾಗಿದ್ದರೆ ಫೋನಿನಲ್ಲಿ ಹೊತ್ತು ಕಳೆಯಬೇಡಿ, 108ಕ್ಕೆ ಅಥವಾ 112ಕ್ಕೆ ಹೊಡೆಯಿರಿ.

ಅವಳಿಗೆ ಹಿಂದಿ, ಮರಾಠಿ ಬರಲ್ಲ. ನಾನೇ ಪಕ್ಕದಲ್ಲಿದ್ದು ಹೇಳಿದರೆ ಸಾಕಲ್ವಾ?

ಸಕ್ಕರೆ, ಜ್ವರದ ವಿಷಯಕ್ಕೆ ಸಾಕು. ಮನಸ್ಸಿನ ವಿಷಯಕ್ಕೆ ಸಾಲದು. ಈ ಪುಟ ಬರೆಯಲು ಕೂತಿದ್ದೇ ಈ ಪ್ರಶ್ನೆಗೋಸ್ಕರ.

ಕಟ್ಟಡದ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಬಂದ ಹೆಣ್ಣುಮಗಳು. ಊಟ ಬಿಟ್ಟಿದ್ದಾಳೆ ಅಂತ ಕರೆತಂದಿದ್ದರು. ಡಾಕ್ಟರ್ ಹಿಂದಿಯಲ್ಲಿ ಏನಾಗುತ್ತಿದೆ ಎಂದು ಕೇಳಿದರು. ಅವಳು ಗೋಡೆ ನೋಡುತ್ತಾ "ನಂಗ ಸಾಕಾಗ್ಯಾದ" ಅಂದಳು. ಪಕ್ಕದಲ್ಲಿದ್ದ ಮೈದುನ "ಥಕ್ ಗಯೀ ಹೈ" ಎಂದ. ಕೇಸ್ ಪೇಪರಿನಲ್ಲಿ "ಸುಸ್ತು" ಎಂದು ಬಿತ್ತು. ರಕ್ತ ಪರೀಕ್ಷೆ ಬರೆದು ಡಾಕ್ಟರ್ ಮುಂದಿನ ಟ್ರಾಲಿಗೆ ಹೋದರು. ನಾನು ಸಲೈನ್ ಹಾಕಲು ಅವಳ ಕೈ ಹಿಡಿದಾಗ "ಏನ್ ಸಾಕಾಗ್ಯಾದವ್ವ?" ಎಂದು ಕೇಳಿದೆ.

"ಇರೂದು" ಅಂದಳು.

ಮೈದುನನ ತಪ್ಪೇನೂ ಇಲ್ಲ. ಅವನಿಗೆ ಬಂದ ಹಿಂದಿಯಲ್ಲಿ ಹತ್ತಿರದ ಮಾತು ಅದೇ. ನಮ್ಮಲ್ಲಿ "ಸಾಕಾಗಿದೆ", "ಬ್ಯಾಸರ ಆಗ್ಯಾದ", "ಮನಸ್ಸಿಗೆ ಒಂಥರಾ", "ಜೀವ ಬೇಡ ಅನ್ಸುತ್ತೆ" ಇವುಗಳ ನಡುವೆ ಎಷ್ಟು ದೂರ ಇದೆ ಎಂದು ನಮಗೆ ಗೊತ್ತು, ಹಿಂದಿಗೆ ದಾಟುವಾಗ ಎಲ್ಲವೂ ಸುಸ್ತಾಗಿಬಿಡುತ್ತವೆ. ಇನ್ನು ಕೆಲವು ಸಲ ತೊಂದರೆ ಕೊಡುತ್ತಿರುವವರೇ ಅನುವಾದಕ್ಕೆ ನಿಂತಿರುತ್ತಾರೆ. ಗಂಡನ ಮುಂದೆ, ಅತ್ತೆಯ ಮುಂದೆ ಅವಳು ಏನು ಹೇಳಿಯಾಳು?

ಅದಕ್ಕೆ ಮೂರು ಮಾತು. ಕನ್ನಡ ಬರುವ ಸಿಬ್ಬಂದಿ ಇದ್ದಾರಾ ಎಂದು ಕೇಳಿ. ಮುಂಬೈ ಆಸ್ಪತ್ರೆಗಳಲ್ಲಿ ಮಂಗಳೂರು, ಉಡುಪಿ ಕಡೆಯ ನರ್ಸುಗಳು ಆಗಾಗ ಸಿಗುತ್ತಾರೆ. ಯಾರೂ ಇಲ್ಲದಿದ್ದರೆ ನೀವೇ ಹೇಳಿ, ಆದರೆ ಅವರು ಆಡಿದ ಮಾತನ್ನೇ ಹೇಳಿ, ನೇರ್ಪು ಮಾಡಬೇಡಿ. ಅರ್ಥವಿಲ್ಲದ ಮಾತಾಡಿದರೆ "ಅರ್ಥವಿಲ್ಲದ ಮಾತಾಡುತ್ತಿದ್ದಾರೆ" ಎಂದು ಹೇಳಿ, ಅದೇ ಡಾಕ್ಟರಿಗೆ ಬೇಕಾದ ಸುದ್ದಿ. ಮತ್ತೆ, ಡಾಕ್ಟರ್ ನಿಮ್ಮನ್ನು ಸ್ವಲ್ಪ ಹೊರಗೆ ನಿಲ್ಲಿ ಅಂದರೆ ಬೇಜಾರು ಮಾಡಿಕೊಳ್ಳಬೇಡಿ.

ಪೊಲೀಸ್ ಕೇಸ್ ಆಗುತ್ತಾ?

ವಿಷ, ಗಾಯದಂಥ ಪ್ರಕರಣಗಳಲ್ಲಿ ಎಂ.ಎಲ್.ಸಿ. (ಮೆಡಿಕೋ ಲೀಗಲ್ ಕೇಸ್) ಎಂದು ಬರೆಯುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ, ಅವರು ಬಂದು ಹೇಳಿಕೆ ತೆಗೆದುಕೊಳ್ಳುತ್ತಾರೆ. ಆದರೆ ಅಪರಾಧಿ ಮಾಡಲಿಕ್ಕಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ಐಪಿಸಿಯ 309ನೇ ಕಲಮೇ ಇಲ್ಲ. ಪೊಲೀಸರು ಬರಲಿ ಆಮೇಲೆ ಚಿಕಿತ್ಸೆ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ; ಜೀವ ಉಳಿಸುವುದು ಮೊದಲು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಕೇಸಿನ ಹೆದರಿಕೆಗೆ "ತಪ್ಪಿ ನುಂಗಿದ" ಎಂದು ಸುಳ್ಳು ಹೇಳುವವರು ತುಂಬಾ. ಹಾಗೆ ಹೇಳಿದರೆ ಮನೋವೈದ್ಯರು ನೋಡದೆಯೇ ಅವನು ಮನೆಗೆ ಹೋಗುತ್ತಾನೆ.

ಕೈಕಾಲು ಕಟ್ಟಿಹಾಕುತ್ತಾರಂತೆ?

ಮೊದಲು ಮಾತು. ಒಬ್ಬರೇ ಮಾತಾಡುತ್ತೇವೆ, ಸಣ್ಣ ದನಿಯಲ್ಲಿ, ಎರಡು ಕೈ ದೂರದಲ್ಲಿ ನಿಂತು. ನೀರು ಬೇಕಾ, ಏನಾದರೂ ತಿಂದಿರಾ ಎಂದು ಕೇಳುತ್ತೇವೆ. ಎಷ್ಟೋ ಜನ ಅಷ್ಟಕ್ಕೇ ಇಳಿಯುತ್ತಾರೆ. ಹಿಂದೆ ನಿಂತ ಆರು ಜನ ನೆಂಟರು ಒಟ್ಟಿಗೆ ಬುದ್ಧಿ ಹೇಳತೊಡಗಿದರೆ ಮಾತ್ರ ಕೆಲಸ ಕೆಡುತ್ತದೆ. ದಯವಿಟ್ಟು ಇಬ್ಬರು ಸಾಕು.

ಮಾತಿಗೆ, ಮಾತ್ರೆಗೆ, ಇಂಜೆಕ್ಷನ್ನಿಗೆ ಬಗ್ಗದೆ ಅಪಾಯ ಕಣ್ಣೆದುರೇ ಇದ್ದರೆ ಕಟ್ಟುವುದುಂಟು. ಬೇರೆ ದಾರಿ ಇಲ್ಲದಾಗ ಮಾತ್ರ, ಬೇಕಾದಷ್ಟು ಹೊತ್ತು ಮಾತ್ರ, ಕಾರಣ ಬರೆದಿಟ್ಟು ಮಾತ್ರ ಎನ್ನುತ್ತದೆ ಕಾಯ್ದೆ. ಸರಪಳಿ ಹಾಕುವಂತೆಯೇ ಇಲ್ಲ, ಒಂಟಿ ಕೋಣೆಯಲ್ಲಿ ಕೂಡಿಹಾಕುವಂತೆಯೂ ಇಲ್ಲ. ಕಟ್ಟಿದ ಮೇಲೆ ಬೆರಳು ತಣ್ಣಗಾಗಿದೆಯಾ, ಉಸಿರು ಸರಿ ಇದೆಯಾ ಎಂದು ಮತ್ತೆ ಮತ್ತೆ ನೋಡುತ್ತೇವೆ. ಬೋರಲು ಮಲಗಿಸಿ ಬೆನ್ನಿನ ಮೇಲೆ ಕೂರುವುದು ಜೀವಕ್ಕೇ ಅಪಾಯ. ಕರೆತರುವಾಗ ನೀವೂ ಹಾಗೆ ಮಾಡಬೇಡಿ.

ಯಾವ ಇಂಜೆಕ್ಷನ್ ಕೊಡುತ್ತಾರೆ? ಜೀವನಪೂರ್ತಿ ತೆಗೆದುಕೊಳ್ಳಬೇಕಾ?

ಸಾಮಾನ್ಯವಾಗಿ ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜೈನ್, ಇಲ್ಲವೇ ಲೊರಾಜೆಪಾಮ್. ವೆಲ್ಲೂರಿನಲ್ಲಿ ಇವೆರಡನ್ನೂ ಹೋಲಿಸಿ ನೋಡಿದ್ದಾರೆ. ಎರಡೂ ಕೆಲಸ ಮಾಡಿದವು, ಜೋಡಿ ಇಂಜೆಕ್ಷನ್ ಇನ್ನೂ ಬೇಗ ಶಾಂತ ಮಾಡಿತು. ಇದು ಆ ರಾತ್ರಿಗೆ. ಜೀವನಪೂರ್ತಿಯ ಲೆಕ್ಕ ಬೇರೆ, ಅದನ್ನು ಮನೋವೈದ್ಯರು ಆಮೇಲೆ ಕೂತು ನೋಡುತ್ತಾರೆ.

ಮನೆಗೆ ಹೋದ ಮೇಲೆ ಕತ್ತು ಒಂದೇ ಕಡೆ ತಿರುಚಿಕೊಂಡರೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡರೆ, ನಾಲಿಗೆ ದಪ್ಪಗಾಗಿ ಹೊರಬಂದರೆ ಹೆದರಬೇಡಿ, ಆದರೆ ತಕ್ಷಣ ವಾಪಸು ಬನ್ನಿ. ಇಂಜೆಕ್ಷನ್ನಿನಿಂದಲೇ ಆದದ್ದು, ಇನ್ನೊಂದು ಇಂಜೆಕ್ಷನ್ನಿಗೆ ಬಿಡುತ್ತದೆ. ಜ್ವರ, ಮೈ ಬಿಗಿತ, ಗೊಂದಲ ಒಟ್ಟಿಗೆ ಬಂದರೆ ಅದು ದೊಡ್ಡ ಅಪಾಯ, ಐಸಿಯು ಬೇಕಾಗಬಹುದು.

ಲಿಥಿಯಂ ಎಂಬ ಮನಸ್ಸಿನ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಮಾತು. ವಾಂತಿ ಭೇದಿಯಾಗಿ ಮೈಯ ನೀರು ಹೋದಾಗ, ಅಥವಾ ಮೆಡಿಕಲ್‌ನಿಂದ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ತಂದು ನುಂಗಿದಾಗ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗುವುದು, ತೂರಾಡುವುದು, ಮಾತು ತೊದಲುವುದು. ಕುಡಿದಿದ್ದಾನೆ ಎಂದುಕೊಂಡು ಮಲಗಿಸಿಬಿಡುತ್ತಾರೆ.

ಎದೆ ಹೊಡೆದುಕೊಂಡು ಬಂದೆ, ಇಸಿಜಿ ಮಾಡಿ "ಏನೂ ಇಲ್ಲ, ಟೆನ್ಷನ್" ಅಂದರು. ಹಾಗಾದರೆ ನಾನು ಸುಳ್ಳು ಹೇಳಿದೆನಾ?

ಇಲ್ಲ. ಪ್ಯಾನಿಕ್ ಅಟ್ಯಾಕ್ ಆಗಿರಬಹುದು. ಸುಮಾರು ಹತ್ತು ನಿಮಿಷದಲ್ಲಿ ತುದಿ ಮುಟ್ಟುತ್ತದೆ, ಸಾಯುವ ಭಯ ನಿಜವಾಗಿಯೂ ಬರುತ್ತದೆ. "ಏನೂ ಇಲ್ಲ" ಎಂದು ಹೇಳಿ ಕಳಿಸುವುದು ನಮ್ಮವರ ಕೆಟ್ಟ ಅಭ್ಯಾಸ. ಹೃದಯದಲ್ಲಿ ಏನೂ ಇಲ್ಲ ಅಂದರು ಅಂತ ತಿಳಿದುಕೊಂಡು ಮನೋವೈದ್ಯರ ಓಪಿಡಿಗೆ ಹೋಗಿ. ಮುಂದಿನ ಸಲ ಪ್ಲಾಸ್ಟಿಕ್ ಚೀಲಕ್ಕೆ ಉಸಿರು ಬಿಡಬೇಡಿ.

ನಾಟಕ ಮಾಡುತ್ತಿದ್ದಾಳೆ ಸಿಸ್ಟರ್, ಎರಡು ಬಿಟ್ಟರೆ ಏಳುತ್ತಾಳೆ.

ಇದು ಪ್ರಶ್ನೆಯಲ್ಲ, ಆದರೂ ಪದೇ ಪದೇ ಕಿವಿಗೆ ಬೀಳುತ್ತದೆ. ಎರಡು ದಿನದಿಂದ ಮಾತಿಲ್ಲ, ಎತ್ತಿದ ಕೈ ಎತ್ತಿದಲ್ಲೇ ನಿಲ್ಲುತ್ತದೆ ಅಂದರೆ ಅದು ಕ್ಯಾಟಟೋನಿಯಾ. ಸ್ವಲ್ಪ ಲೊರಾಜೆಪಾಮ್ ಕೊಟ್ಟರೆ ಕೆಲವರು ಅರ್ಧ ಗಂಟೆಯೊಳಗೆ ನೀರು ಕೇಳುತ್ತಾರೆ. ನಾಟಕದವರು ಹಾಗೆ ಒಣಗಿದ ತುಟಿ ಹೊತ್ತುಕೊಂಡು ಬರುವುದಿಲ್ಲ.

ಬಾಣಂತಿಗೆ ಗಾಳಿ ಸೋಕಿದೆ ಅನ್ನುತ್ತಾರೆ ಅತ್ತೆ.

ಹೆರಿಗೆಯಾದ ಮೊದಲ ಎರಡು ವಾರದಲ್ಲಿ ನಿದ್ದೆಯಿಲ್ಲದೆ ಓಡಾಡುವುದು, ಮಗು ತನ್ನದಲ್ಲ ಎನ್ನುವುದು, ಮಗುವಿನ ಬಗ್ಗೆ ವಿಚಿತ್ರ ಮಾತು, ಇದು ಹೆರಿಗೆಯ ನಂತರದ ಸೈಕೋಸಿಸ್. ಸಾವಿರ ಹೆರಿಗೆಗೆ ಒಂದೆರಡು ಆಗುತ್ತದೆ. ಅದೇ ರಾತ್ರಿ ಬನ್ನಿ. ತಾಯಿ, ಮಗು ಇಬ್ಬರನ್ನೇ ಬಿಟ್ಟು ಹೋಗಬೇಡಿ. ಬೇಗ ಬಂದರೆ ಚೆನ್ನಾಗಿ ಗುಣವಾಗುತ್ತದೆ.

ಮೈಮೇಲೆ ಬರುವುದಕ್ಕೂ ಆಸ್ಪತ್ರೆಗೂ ಏನು ಸಂಬಂಧ?

ನಾನು ಕರಾವಳಿಯವಳು, ದೈವ ಮೈಮೇಲೆ ಬರುವ ದರ್ಶನ ನೋಡಿ ಬೆಳೆದವಳು. ದರ್ಶನಕ್ಕೆ ಜಾಗ ಇದೆ, ಹೊತ್ತು ಇದೆ, ಬಂದದ್ದು ಹೋಗುತ್ತದೆ, ಮರುದಿನ ಆ ಮನುಷ್ಯ ತನ್ನ ಕೆಲಸಕ್ಕೆ ಹೋಗುತ್ತಾನೆ. ಡೊಂಬಿವಲಿಯ ಫ್ಲಾಟಿನಲ್ಲಿ ನಾಲ್ಕು ದಿನದಿಂದ ನಿದ್ದೆ ಇಲ್ಲದೆ, ಊಟ ಇಲ್ಲದೆ, ಬೆಳಗಿನ ಜಾವ ಮೂರಕ್ಕೆ ಬಂದದ್ದು ಹೋಗುತ್ತಲೇ ಇಲ್ಲ ಅಂದರೆ ಅದು ಬೇರೆ. ಹರಕೆ ಹೇಳಿಕೊಳ್ಳಿ, ಬೇಡ ಎನ್ನುವುದಿಲ್ಲ. ಆಟೋದಲ್ಲಿ ಬರುತ್ತಾ ಹೇಳಿಕೊಳ್ಳಿ.

ಯಾವ ಆಸ್ಪತ್ರೆಗೆ ಹೋಗಬೇಕು? ನೇರ ಠಾಣೆ ಮೆಂಟಲ್ ಹಾಸ್ಪಿಟಲ್ಲಿಗಾ?

ವಿಷ, ಜ್ವರ, ಫಿಟ್ಸ್, ಗೊಂದಲ ಏನಿದ್ದರೂ ಮೊದಲು ಸಾಮಾನ್ಯ ಆಸ್ಪತ್ರೆ, ಹತ್ತಿರದ್ದು. ಪರೇಲಿನ ಕೆಇಎಂ, ಸಯಾನ್, ಮುಂಬೈ ಸೆಂಟ್ರಲ್‌ನ ನಾಯರ್, ಕೂಪರ್, ಜೆಜೆ, ಇವುಗಳಲ್ಲಿ ಕ್ಯಾಶುವಲ್ಟಿಯೂ ಇದೆ, ಮನೋವೈದ್ಯ ವಿಭಾಗವೂ ಇದೆ. ಪುಣೆಯಲ್ಲಿ ಸಸೂನ್. ಗೋವಾದಲ್ಲಿ ಬಾಂಬೋಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಮಾನಸಿಕ ಆಸ್ಪತ್ರೆಯೂ ಅಲ್ಲೇ ಬಾಂಬೋಳಿಯಲ್ಲಿದೆ. ಠಾಣೆ, ಯೆರವಡಾದ ದೊಡ್ಡ ಮನೋರೋಗ ಆಸ್ಪತ್ರೆಗಳು ಆಮೇಲಿನ ಮಾತು.

ಒಪ್ಪಿಗೆ ಇಲ್ಲದೆ ಇಟ್ಟುಕೊಳ್ಳಬಹುದಾ?

ಜೀವಕ್ಕೆ ಅಪಾಯ, ಅಥವಾ ತನಗೋ ಬೇರೆಯವರಿಗೋ ದೊಡ್ಡ ಹಾನಿ ಆಗುವ ಹಾಗಿದ್ದರೆ, ಅದೇ ಮಾನಸಿಕ ಆರೋಗ್ಯ ಕಾಯ್ದೆಯ 94ನೇ ಕಲಂ ಪ್ರಕಾರ ಯಾವುದೇ ನೋಂದಾಯಿತ ವೈದ್ಯರು 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ರೋಗಿಯ ಪ್ರತಿನಿಧಿ ಸಿಕ್ಕರೆ ಅವರ ಒಪ್ಪಿಗೆ ಬೇಕು. ಈ ಅವಧಿಯಲ್ಲಿ ಶಾಕ್ ಟ್ರೀಟ್‌ಮೆಂಟ್ ಕೊಡುವಂತಿಲ್ಲ. ಮುಂದೆ ಮಾನಸಿಕ ಆಸ್ಪತ್ರೆಗೆ ಸೇರಿಸಲು ಬೇರೆ ನಿಯಮಗಳಿವೆ. ಗಂಡ ಸಹಿ ಹಾಕಿದ ಮಾತ್ರಕ್ಕೆ ಹೆಂಡತಿಯನ್ನು ಒಳಗೆ ಹಾಕುವ ಕಾಲ ಹೋಯಿತು. ಕಚೇರಿಗೆ ಗೊತ್ತಾಗುತ್ತಾ ಎಂದು ಕೇಳುವವರಿಗೆ: ರೋಗಿಯ ವಿಷಯ ಗುಟ್ಟಾಗಿಡಬೇಕೆಂದೂ ಇದೇ ಕಾಯ್ದೆ ಹೇಳುತ್ತದೆ.

ಹೊರಡುವಾಗ ಏನೇನು ತರಬೇಕು?

ಹಳೆಯ ಚೀಟಿ, ನುಂಗುತ್ತಿರುವ ಎಲ್ಲ ಮಾತ್ರೆ, ಆಯುರ್ವೇದದ್ದೂ ಸೇರಿ. ಆಧಾರ್ ಕಾರ್ಡ್. ಯಾವಾಗಿನಿಂದ ಶುರುವಾಯಿತು ಎಂದು ನಿಜವಾಗಿ ನೋಡಿದ ಒಬ್ಬರು, ಅವರು ಪಕ್ಕದ ಮನೆಯವರಾದರೂ ಸರಿ. ಮೊಬೈಲಿನಲ್ಲಿ ತೆಗೆದ ವಿಡಿಯೊ ಇದ್ದರೆ ಡಾಕ್ಟರಿಗೆ ತೋರಿಸಿ, ಆಮೇಲೆ ಅಳಿಸಿ, ಮನೆಯ ಗ್ರೂಪಿಗೆ ಹಾಕಬೇಡಿ.

ಮತ್ತೆ ಚಪ್ಪಲಿ. ಎಳೆದಾಡಿ ಕರೆತರುವ ಗಡಿಬಿಡಿಯಲ್ಲಿ ರೋಗಿ ಬರಿಗಾಲಿನಲ್ಲೇ ಬಂದಿರುತ್ತಾರೆ. ಬೆಳಿಗ್ಗೆ ತಲೆ ತಿಳಿಯಾದಾಗ ಎಷ್ಟೋ ಜನ ಮೊದಲು ನೋಡಿಕೊಳ್ಳುವುದು ತಮ್ಮ ಕಾಲು.